ಗ್ರೆಗರಿಯ ಹನ್ನೊಂದು ತಪ್ಪುಗಳು

"ಸರ್, ನಾಡಿದ್ದಿನ ಸ್ಪರ್ಧೆಗೆ ಬಾಸ್ ಗಿಟಾರ್ ನುಡಿಸುವವನನ್ನು ಬಿಟ್ಟು ನಾವು ಮೂವರೇ ಹೋದರೆ ಏನಾದರೂ ಕಡಿಮೆಯಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಗಿಟಾರಿಗೆ ಹೊಸ ತಂತಿ ಕಟ್ಟುತ್ತಿದ್ದರು. "ಯಾಕೆ ಬಿಡಬೇಕು?" ಎಂದರು.

"ಅವನು ನುಡಿಸುವುದು ಯಾರಿಗೂ ಕೇಳಿಸುವುದಿಲ್ಲ. ವ್ಯಾನಿನಲ್ಲಿ ಜಾಗವೂ ಸಾಲದು."

ಗುರುಗಳು ತಂತಿ ಬಿಗಿದು ಮುಗಿಸಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ಬದಿಯ ಒಂದು ಊರಿನಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು. ಅದರಲ್ಲಿ ನಾಲ್ವರು. ಒಬ್ಬಳು ಹಾಡುತ್ತಿದ್ದಳು, ಒಬ್ಬ ಗಿಟಾರ್ ನುಡಿಸುತ್ತಿದ್ದ, ಒಬ್ಬ ಡ್ರಮ್ ಬಾರಿಸುತ್ತಿದ್ದ. ನಾಲ್ಕನೆಯವನು ಗ್ರೆಗರಿ. ಅವನು ಹಗಲು ಹಂಚಿನ ಕಾರ್ಖಾನೆಯಲ್ಲಿ ದುಡಿದು ಸಂಜೆ ಬಾಸ್ ಗಿಟಾರ್ ನುಡಿಸುತ್ತಿದ್ದ. ಅದಕ್ಕೆ ನಾಲ್ಕೇ ದಪ್ಪ ತಂತಿ. ಹಾಡಿನ ಅಡಿಯಲ್ಲಿ ಒಂದೊಂದಾಗಿ ತಗ್ಗಿನ ಸ್ವರ ಹಾಕುತ್ತಾ ಹೋಗುವುದು ಅದರ ಕೆಲಸ. ಉಳಿದ ಮೂವರಿಗಿಂತ ಗ್ರೆಗರಿ ಹತ್ತು ವರ್ಷ ದೊಡ್ಡವನು.

ಆರು ವರ್ಷ ಅವರು ಕಾಲೇಜುಗಳಲ್ಲಿ, ಕ್ರಿಸ್ಮಸ್ ಹಬ್ಬದ ವೇದಿಕೆಗಳಲ್ಲಿ ನುಡಿಸಿದರು. ಹೆಸರು ಬಂದದ್ದು ಗಿಟಾರ್ ವಾದಕನಿಗೆ. ಅವನ ಬೆರಳು ತಪ್ಪುವುದೇ ಇಲ್ಲ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವನೂ ಅದನ್ನು ನಂಬಿದ. ಒಮ್ಮೆ ಪತ್ರಿಕೆಯಲ್ಲಿ ಅವರ ಚಿತ್ರ ಬಂತು. ಅದರಲ್ಲಿ ಗ್ರೆಗರಿಯ ಮೊಣಕೈ ಮಾತ್ರ ಕಾಣುತ್ತಿತ್ತು.

ಏಳನೆಯ ವರ್ಷ ಒಂದು ಕ್ಯಾಸೆಟ್ ಹೊರತರಬೇಕೆಂದು ಅವರು ನಿಶ್ಚಯಿಸಿದರು. ಯಾವ ಹಾಡು ಆರಿಸುವುದೆಂದು ನೋಡಲು ಗಿಟಾರ್ ವಾದಕ ಹಳೆಯ ಕಾರ್ಯಕ್ರಮವೊಂದರ ಧ್ವನಿಮುದ್ರಣವನ್ನು ಹಾಕಿದ. ಯಾವ ಹಾಡಿಗೆ ಯಾವ ಅಡಿಸ್ವರ ಎಂದು ಮೊದಲೇ ಬರೆದಿಟ್ಟಿದ್ದ ಕಾಗದ ಅವನ ಕೈಯಲ್ಲಿತ್ತು. ಗ್ರೆಗರಿ ನುಡಿಸಿದ್ದು ಹನ್ನೊಂದು ಕಡೆ ಆ ಕಾಗದಕ್ಕೆ ಹೊಂದಲಿಲ್ಲ. ತಾನು ನುಡಿಸಿದ್ದನ್ನು ಅವನು ಪರೀಕ್ಷಿಸಲಿಲ್ಲ. ಅದರ ಅಗತ್ಯ ಅವನಿಗೆ ಕಾಣಲಿಲ್ಲ.

ಮರುದಿನ ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ಅವನು ಕೇಳಿದ: "ಹನ್ನೊಂದು ಕಡೆ ನೀವು ಬೇರೆ ಸ್ವರ ಹಾಕಿದ್ದೀರಿ. ಯಾಕೆ?"

"ಅಲ್ಲಿಗೆ ಅದು ಬೇಕಿತ್ತು" ಎಂದ ಗ್ರೆಗರಿ.

"ಬರೆದದ್ದನ್ನು ನುಡಿಸಲಾಗದವರನ್ನು ಕಟ್ಟಿಕೊಂಡು ಕ್ಯಾಸೆಟ್ ಮಾಡಲಾಗುವುದಿಲ್ಲ."

ಗ್ರೆಗರಿ ಬಾಸ್ ಗಿಟಾರನ್ನು ಚೀಲಕ್ಕೆ ಹಾಕಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಅವನ ಜಾಗಕ್ಕೆ ಸ್ವರಲಿಪಿ ಓದಿ ನುಡಿಸಲು ಕಲಿತ ಒಬ್ಬ ಬಂದ. ಕಾಗದದಲ್ಲಿ ಇದ್ದದ್ದನ್ನು ಅವನು ಕೂದಲೆಳೆಯಷ್ಟೂ ತಪ್ಪದೆ ನುಡಿಸುತ್ತಿದ್ದ. ಗಿಟಾರ್ ವಾದಕನಿಗೆ ಸಮಾಧಾನವಾಯಿತು.

ಮೊದಲ ಕಾರ್ಯಕ್ರಮದಲ್ಲಿ, ಎರಡನೆಯ ಹಾಡಿನಲ್ಲಿ, ಗಿಟಾರ್ ವಾದಕನ ಬೆರಳು ತಂತಿಯ ಮೇಲೆ ಒಂದು ಮನೆ ಆಚೆ ಬಿದ್ದು ಅಪಸ್ವರ ಬಂತು. ಮುಂದಿನ ಸಾಲಿನವರು ತಲೆಯೆತ್ತಿ ನೋಡಿದರು. ಅಂಥದ್ದು ಅವನಿಗೆ ಹೊಸದು. ಗಾಬರಿಯಲ್ಲಿ ವೇಗ ಹೆಚ್ಚಿಸಿದ. ಹೊಸಬ ತನ್ನ ವೇಗ ಬಿಡಲಿಲ್ಲ. ಯಾರ ಜೊತೆ ಹೋಗಬೇಕೆಂದು ಡ್ರಮ್ ಬಾರಿಸುವವನಿಗೆ ತಿಳಿಯಲಿಲ್ಲ. ಹಾಡುವವಳು ಸಾಲಿನ ನಡುವೆ ನಿಂತುಬಿಟ್ಟಳು. ಮುಂದಿನ ಎರಡು ಕಾರ್ಯಕ್ರಮಗಳಲ್ಲೂ ಹೀಗೆಯೇ ಆಯಿತು. ಮೂರನೆಯದರಲ್ಲಿ ಜನ ಎದ್ದು ಹೋದರು.

ಗಿಟಾರ್ ವಾದಕ ಹೊಸಬನ ಮೇಲೆ ಸಿಟ್ಟಾದ. ಹೊಸಬ ಕಾಗದವನ್ನು ಅವನ ಮುಂದೆ ಹಿಡಿದು, "ನಾನು ಇದನ್ನೇ ನುಡಿಸಿದ್ದೇನೆ, ನೋಡಿ" ಎಂದ. ಅವನು ಹೇಳಿದ್ದು ನಿಜವಾಗಿತ್ತು.

ಗಿಟಾರ್ ವಾದಕ ಮನೆಗೆ ಹೋಗಿ ಆ ಹಳೆಯ ಧ್ವನಿಮುದ್ರಣವನ್ನು ಮತ್ತೆ ಹಾಕಿದ. ಈ ಸಲ ಗ್ರೆಗರಿಯ ಸ್ವರವನ್ನೂ ತನ್ನ ಸ್ವರವನ್ನೂ ಒಟ್ಟಿಗೆ ಗಮನಿಸಿದ. ಮೊದಲ ಜಾಗ ಬಂತು. ಅಲ್ಲಿ ತಪ್ಪಿದ್ದು ಅವನದೇ ಬೆರಳು. ಅವನು ತಪ್ಪಿದ ಅರೆಕ್ಷಣದಲ್ಲಿ ಗ್ರೆಗರಿ ಅಡಿಸ್ವರವನ್ನು ಬದಲಿಸಿದ್ದ. ಒಂದೇ ಸ್ವರ ಒಂದು ಅಡಿಸ್ವರದ ಮೇಲೆ ಅಪಸ್ವರವಾಗುತ್ತದೆ, ಇನ್ನೊಂದರ ಮೇಲೆ ಬೇಕೆಂದೇ ನುಡಿಸಿದಂತೆ ಕೇಳಿಸುತ್ತದೆ. ಗ್ರೆಗರಿ ಆ ಇನ್ನೊಂದನ್ನು ಅವನ ಕೆಳಗೆ ತಂದಿಟ್ಟಿದ್ದ. ಹನ್ನೊಂದು ಕಡೆಯೂ ಹಾಗೆಯೇ. ಅವನು ಆತುರಪಟ್ಟ ಕಡೆಗಳಲ್ಲಿ ಗ್ರೆಗರಿ ಅವನ ಜೊತೆಗೇ ಓಡಿ, ಡ್ರಮ್ಮನ್ನೂ ಎಳೆದುಕೊಂಡು ಬಂದು, ಮೆಲ್ಲಗೆ ಎಲ್ಲರನ್ನೂ ಹಿಂದಿನ ನಡೆಗೆ ತಂದಿದ್ದ. ಅಂಥವು ಎಷ್ಟೋ ಇದ್ದವು. ಗಿಟಾರ್ ವಾದಕ ಎಣಿಸುವುದನ್ನು ನಿಲ್ಲಿಸಿದ.

ಮರುದಿನ ಕಾರ್ಖಾನೆ ಬಿಡುವ ಹೊತ್ತಿಗೆ ಅವನು ಗೇಟಿನಲ್ಲಿ ಕಾದು ನಿಂತ. ಗ್ರೆಗರಿ ಹೊರಗಿನ ನಲ್ಲಿಯಲ್ಲಿ ಕೈಯ ಕೆಂಪು ಮಣ್ಣು ತೊಳೆಯುತ್ತಿದ್ದ.

"ತಪ್ಪು ನನ್ನದು ಅಂತ ಆ ದಿನವೇ ಯಾಕೆ ಹೇಳಲಿಲ್ಲ? ಆರು ವರ್ಷದಲ್ಲಿ ಒಮ್ಮೆಯೂ ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ಹೇಳಿದ್ದರೆ ಆ ಜಾಗ ಬಂದಾಗಲೆಲ್ಲ ನೀನು ಹೆದರುತ್ತಿದ್ದೆ" ಎಂದ ಗ್ರೆಗರಿ. "ನೀನು ಹೆದರದೆ ನುಡಿಸುವಾಗ ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು ಮಾರಾಯ. ಅದನ್ನು ಯಾಕೆ ಕೆಡಿಸಲಿ?"

"ತಪ್ಪಾಯಿತು. ವಾಪಸು ಬನ್ನಿ."

ಗ್ರೆಗರಿ ಕೈ ಒರೆಸಿಕೊಂಡ. "ಈಗ ಮದುವೆಗಳಲ್ಲಿ ಹಾಡುವ ಒಂದು ತಂಡಕ್ಕೆ ನುಡಿಸುತ್ತಿದ್ದೇನೆ. ಎಲ್ಲ ಹೊಸಬರು, ಬಹಳ ತಪ್ಪುತ್ತಾರೆ. ಬಿಟ್ಟು ಬರುವ ಹಾಗಿಲ್ಲ" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಗಿಟಾರ್ ವಾದಕನಿಗೆ ಅದರಿಂದಲೇ ಹೆಚ್ಚು ನೋವಾಯಿತು.

ಕ್ಯಾಸೆಟ್ ಹೊರಬರಲಿಲ್ಲ. ಬ್ಯಾಂಡ್ ಮರುವರ್ಷ ನಿಂತಿತು. ಆ ವರ್ಷ ಗಿಟಾರ್ ವಾದಕ ಕರೆಯದ ಎಷ್ಟೋ ಮದುವೆಗಳಿಗೆ ಹೋದ. ಊಟಕ್ಕೆ ಕೂರುತ್ತಿರಲಿಲ್ಲ. ಸಭಾಂಗಣದ ಗೋಡೆಗೆ ಒರಗಿ ನಿಂತು, ಹಾಡು ಮುಗಿಯುವವರೆಗೆ ಕೇಳಿ, ಹೊರಟುಬಿಡುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಸರ್, ನಮ್ಮವನೂ ನನ್ನ ತಪ್ಪುಗಳನ್ನು ಹಾಗೆ ಮುಚ್ಚಿದ್ದಾನೆಯೇ? ಎಲ್ಲೆಲ್ಲಿ ಎಂದು ಹೇಳಿ, ತಿದ್ದಿಕೊಳ್ಳುತ್ತೇನೆ."

ಗುರುಗಳು ಹೇಳಿದರು: "ಮುಚ್ಚಿದ್ದರೆ, ನನಗೂ ಕೇಳಿಸಿರುವುದಿಲ್ಲ."