ಬಂಡಿಗಿಂತ ಮೊದಲೇ ಬಂದ ಚಂದ್ರಾಮ

ಚೆಕ್ ದೇಶದ ಬ್ರ್ನೋ ಊರಲ್ಲಿ ನಮ್ಮ ಕೆಳಗಿನ ಮನೆಯ ಯಿತ್ಕಾ ನನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಾಳೆ. ‘ಹೀಗಾದರೆ ಹೀಗೆ ಮಾಡು’ ಎಂಬ ವಾಕ್ಯ ಎದುರಾದರೆ ಸಾಕು, ಪುಸ್ತಕ ಮುಚ್ಚಿಬಿಡುತ್ತಾಳೆ. ಇದರಲ್ಲಿ ಸೋತವಳು ನೀನೊಬ್ಬಳೇ ಅಲ್ಲ ಎಂದು ಅವಳಿಗೆ ನನ್ನ ತಮ್ಮನ ಕತೆ ಹೇಳಿದೆ.

ನಮ್ಮೂರಲ್ಲಿ ಅವ್ವ, ಅವಳಿಗೊಬ್ಬ ಮಗ ಚಂದ್ರಾಮ. ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಇವನನ್ನು ಇಟ್ಟುಕೊಂಡು ಮಗಳ ಮದುವೆ ಹೇಗೆ ಮಾಡಲಿ ಎಂಬುದೇ ಅವ್ವನ ಚಿಂತೆ. ಆ ಮಗಳು ನಾನು.

ಒಂದು ದಿನ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಮಳೆ ಬಂದರೆ ತೆಗೆದಿಡು ಎಂದು ಹೇಳಿ ಹೊಲಕ್ಕೆ ಹೋದಳು. ಆ ಮಾಳಿಗೆಯ ಬಿಸಿ ಈಗಲೂ ನನ್ನ ಅಂಗಾಲಿಗೆ ಗೊತ್ತು. ಮಳೆ ಬರಲಿಲ್ಲ, ಕಾಗೆ ಬಂದವು. ಚಂದ್ರಾಮ ಆಕಾಶ ನೋಡುತ್ತ ಕೂತ. ಸಂಜೆಗೆ ಸಂಡಿಗೆಯ ಕೆಳಗೆ ಹಾಸಿದ್ದ ಹಳೆ ಸೀರೆಯಷ್ಟೇ ಉಳಿದಿತ್ತು. ಅವ್ವ ಬೈದಳು: ಯಾರು ಬಂದು ಬಾಯಿ ಹಾಕಿದರೂ ಕೋಲು ತಗೊಂಡು ಓಡಿಸಬೇಕು.

ಮುಂದಿನ ವಾರ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗನ ಅಪ್ಪ ಹೋಳಿಗೆ ಮುರಿದು ಬಾಯಿಗಿಟ್ಟರು. ಚಂದ್ರಾಮ ಕೋಲು ತಂದ. ಪಾಪ, ಅವರು ಊರ ಅಗಸಿ ಬಾಗಿಲವರೆಗೂ ಓಡಿದರು. ಅವ್ವ ಹಿಂದೆಯೇ ಓಡಿ, ಕೈಮುಗಿದು ಕರೆತಂದಳು. ಮಗನನ್ನು ಹಿತ್ತಲಿಗೆ ಎಳೆದು ಹೇಳಿದಳು: “ಬಂದವರಿಗೆ ಒತ್ತಾಯ ಮಾಡಬೇಕೋ. ಬ್ಯಾಡ ಅಂದ್ರ ಇನ್ನೆರಡು ತಂದು ಹಾಕು.”

ಊಟ ಮುಗಿಯಿತು. ಹುಡುಗನ ಅಪ್ಪ ಮುಖ ಬಿಗಿದುಕೊಂಡು, ಈ ಹುಡುಗಿ ನಮಗೆ ಬೇಡ ಎಂದುಬಿಟ್ಟರು. ಅವ್ವನ ಕಣ್ಣು ತುಂಬಿತು. ಚಂದ್ರಾಮ ಎದ್ದು ಓಡಿದ. ಪಕ್ಕದ ಮನೆಯ ಇಬ್ಬರು ಹುಡುಗಿಯರನ್ನು ಕೈಹಿಡಿದು ತಂದು ನನ್ನ ಬದಿಗೆ ಕೂರಿಸಿದ. ಒಬ್ಬಳ ಕೈಯಲ್ಲಿ ಇನ್ನೂ ರೊಟ್ಟಿ ಹಿಟ್ಟಿತ್ತು.

ಹುಡುಗ ನಕ್ಕುಬಿಟ್ಟ. “ಅಪ್ಪಾ, ಇನ್ನೊಮ್ಮೆ ಬ್ಯಾಡ ಅನಬ್ಯಾಡ. ಇವನ ಜೋಡಿ ಬಾಳಿದಾಕಿ ಯಾರ ಜೋಡಿಯಾದ್ರೂ ಬಾಳ್ತಾಳ.”

ಹಾಗೆ ನನ್ನ ಮದುವೆಯಾಯಿತು.

ನಾನು ಬಂಡಿ ಏರುವಾಗ ಚಂದ್ರಾಮ ಗಾಲಿ ಹಿಡಿದುಕೊಂಡು ಅಳುತ್ತಿದ್ದ. ಅಕ್ಕನ ನೆನಪಾದರೆ ಹೋಗಿ ನೋಡಿ ಬಾ ಎಂದು ಅವ್ವ ಸಮಾಧಾನ ಮಾಡಿದಳು. ಗಾಲಿ ಬಿಟ್ಟ.

ಬಂಡಿ ಗಂಡನ ಊರು ಮುಟ್ಟಿತು. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟು ಎಲ್ಲರೂ ನನ್ನ ದಾರಿ ಕಾಯುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ, ಮೊಣಕಾಲವರೆಗೆ ಹೊಲದ ಧೂಳು ಮೆತ್ತಿಕೊಂಡು, ಚಂದ್ರಾಮ ಕೂತಿದ್ದ.

ಇಷ್ಟು ಬೇಗ ಯಾಕೆ ಬಂದೆಯೋ ಎಂದು ಕೇಳಿದೆ.

“ನೆನಪಾತಕ್ಕ,” ಎಂದ. “ನಾ ಬಂದು ಎಷ್ಟೊತ್ತಾತು. ನೀನೇ ಇರಲಿಲ್ಲ.”