ಕಪ್ಪು ಕುಡಿದ ಗಿಡ

ಆಗ ಲೋಕ ಇನ್ನೂ ಹೊಸದು. ಹೊಳೆಗಳು ಯಾವ ಕಡೆ ಹರಿಯಬೇಕೆಂದು ಬೆಟ್ಟಗಳನ್ನು ಕೇಳಿಕೊಂಡು ಹರಿಯುತ್ತಿದ್ದವು. ಬಣ್ಣ ಹಂಚುವ ಕೆಲಸ ಇನ್ನೂ ಮುಗಿದಿರಲಿಲ್ಲ.

ಹಸಿರನ್ನು ಮಳೆ ಹಂಚಿತು. ಕೆಂಪನ್ನು ಸೂರ್ಯ ಹಂಚಿದ. ಕಪ್ಪು ಮಾತ್ರ ಇರುಳಜ್ಜಿಯ ಹತ್ತಿರ ಉಳಿದಿತ್ತು. ಒಂದು ಸಂಜೆ ಅವಳು ಕಪ್ಪು ತುಂಬಿದ ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು ಕಾಲುವೆಯ ದಡಕ್ಕೆ ಬಂದಳು.

"ಬೇಕಾದವರು ಸಾಲಾಗಿ ಬನ್ರಪ್ಪ, ನೂಕಾಡಬೇಡಿ!"

ಕಾಗೆ ಬಂದು ರೆಕ್ಕೆ ಅದ್ದಿಕೊಂಡಿತು. ದುಂಬಿ ಬಂದು ಬೆನ್ನಿಗೆ ಹಚ್ಚಿಕೊಂಡಿತು. ಎಮ್ಮೆ ಮೈತುಂಬ ಸುರಿಸಿಕೊಂಡಿತು. ಮನುಷ್ಯರು ತಲೆ ಬಗ್ಗಿಸಿ ನಿಂತು ಕೂದಲಿಗೆ ಸವರಿಸಿಕೊಂಡು ಹೋದರು.

ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಗಿಡ ಇತ್ತು. ಗಿಡ ನಡೆಯುವುದುಂಟೆ? ಈ ಗಿಡದ ಹುಡುಗಿಯೂ ನಡೆಯಲಿಲ್ಲ. ಒಂದೊಂದೇ ಗೆಣ್ಣು ಚಾಚಿ, ಗೆಣ್ಣು ಗೆಣ್ಣಿಗೂ ಬೇರು ಊರಿ, ತೆವಳಿಕೊಂಡು ಬಂದು ನಿಂತಿದ್ದಳು. ತಲೆಯ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಬಿಳಿ ಹೂ.

"ನಿನಗ್ಯಾತಕ್ಕೇ ಕಪ್ಪು?" ಎಂದು ಕಾಗೆ ನಕ್ಕಿತು. "ಕೆಸರಲ್ಲಿ ಹುಟ್ಟಿದೋಳು, ಕಂಡೋರ ಕಾಲಡಿ ಬೆಳೆಯೋಳು. ನಿನಗೊಂದು ಹೆಸರೂ ಇಲ್ಲ."

"ಹೆಸರಿಲ್ಲದಿದ್ರೇನು? ಸಾಲಲ್ಲಿ ನಿಂತಿದೀನಲ್ಲ. ನನ್ನ ಪಾಲು ನನಗೆ ಕೊಡಿ."

ಇರುಳಜ್ಜಿ ಮಡಕೆ ಬಗ್ಗಿಸಿ ನೋಡಿದಳು. ತಳದಲ್ಲಿ ಒಂದು ಗುಟುಕು ಉಳಿದಿತ್ತು. "ಮೈಗೆ ಹಚ್ಚಿಕೋ ಮಗಳೇ," ಎಂದು ಸುರಿದಳು.

ಆದರೆ ಗಿಡಕ್ಕೆ ಹಚ್ಚಿಕೊಳ್ಳುವುದು ಎಲ್ಲಿ ಗೊತ್ತು? ಅವಳಿಗೆ ಗೊತ್ತಿದ್ದುದು ಒಂದೇ. ಏನು ಸುರಿದರೂ ಬೇರಿನಿಂದ ಹೀರುವುದು. ಗಟಗಟನೆ ಕುಡಿದುಬಿಟ್ಟಳು. ಎಲೆ ಹಸಿರಾಗಿಯೇ ಉಳಿಯಿತು, ಹೂ ಬಿಳಿಯಾಗಿಯೇ ಉಳಿಯಿತು.

"ಅಯ್ಯಯ್ಯೋ, ಕುಡಿದೇಬಿಟ್ಲು!" ಎಮ್ಮೆ ಬಾಲ ಬಡಿಯಿತು. "ಹಾಳು ಮಾಡಿದ್ಲು!" ದುಂಬಿ ಗುಂಯ್ ಎಂದಿತು. ಗಾಳಿ ಈ ಸುದ್ದಿಯನ್ನು ಹೊತ್ತುಕೊಂಡು ಏಳು ಊರು ಸುತ್ತಿತು.

ಗಿಡ ತಲೆ ತಗ್ಗಿಸಲಿಲ್ಲ. "ಹಾಳೇನೂ ಆಗಿಲ್ಲ. ಒಳಗಿದೆ," ಎಂದಳು.

ಯಾರೂ ನಂಬಲಿಲ್ಲ. ದಿನಾ ನೀರು ಕುಡಿಯಲು ಬರುತ್ತಿದ್ದ ಎಮ್ಮೆ ಅವಳನ್ನು ತುಳಿದು ಕೇಳುತ್ತಿತ್ತು, "ಎಲ್ಲೇ ನಿನ್ನ ಕಪ್ಪು?" ಅವಳು ಎದ್ದು ನಿಂತು ಹೇಳುತ್ತಿದ್ದಳು, "ಒಳಗಿದೆ." ಆದರೆ ಎಷ್ಟೋ ಸಲ, ಎಲ್ಲರೂ ಹೋದ ಮೇಲೆ, ಅವಳಿಗೇ ಅನುಮಾನ ಬರುತ್ತಿತ್ತು. ನಿಜವಾಗಿ ಇದೆಯೇ? ಇದ್ದರೆ ಅದು ಯಾರಿಗೆ ಬೇಕು?

ಒಂದು ಬೆಳಿಗ್ಗೆ ಕಾಲುವೆಯ ದಡಕ್ಕೆ ಒಬ್ಬ ಹೆಂಗಸು ಬಂದು ಕುಳಿತಳು. ಅವಳು ಗಾಣದ ಚೌಡಮ್ಮ. ಯಾರೂ ಹೇಳಿಕೊಡದೆ, ಕಲ್ಲಿನ ಕೆಳಗೆ ಎಳ್ಳು ಜಜ್ಜಿ ಜಜ್ಜಿ ಎಣ್ಣೆ ತೆಗೆಯುವುದನ್ನು ತಾನೇ ಕಲಿತವಳು. ಬಾಣಂತನ ಮುಗಿಸಿ ಈಗಷ್ಟೇ ಹೊರಗೆ ಬಂದಿದ್ದಳು. ಕಂಕುಳಲ್ಲಿ ಹೆಣ್ಣುಮಗು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಜಡೆ ಇಲಿಯ ಬಾಲದಷ್ಟಾಗಿತ್ತು.

ಹಿಂದೆಯೇ ಅವಳ ಅತ್ತೆ ಬಂದಳು. ಅವರ ಊರಲ್ಲಿ ಒಂದು ಪದ್ಧತಿ. ತಾಯಿ ತನ್ನ ಜಡೆಯಿಂದ ಹೂ ತೆಗೆದು ತೊಟ್ಟಿಲಿಗೆ ಕಟ್ಟಬೇಕು, ಆಮೇಲೇ ಮಗುವಿಗೆ ಹೆಸರು.

"ಎಷ್ಟು ದಿನಾಂತ ಮಗು ಹೆಸರಿಲ್ದೆ ಇರ್ಬೇಕೇ? ಹೂವನ್ನ ಸೆರಗಿಗೆ ಸಿಗಿಸ್ಕೊಂಡು ಕಟ್ಟು, ಸಾಕು."

"ಆಗಲ್ಲ ಅತ್ತೆಮ್ಮ. ಸೆರಗೇನು ಹೆತ್ತಿದ್ದಾ? ನನ್ನ ಜಡೇಲಿ ಹೂ ನಿಲ್ಲೋ ದಿನವೇ ನನ್ನ ಮಗಳಿಗೆ ಹೆಸರು."

"ನಿನ್ನ ಹಟಕ್ಕಿಷ್ಟು!" ಅತ್ತೆ ಮೂತಿ ತಿರುಗಿಸಿ ಮನೆಗೆ ಹೋದಳು.

ಇರುಳಜ್ಜಿಯ ಕಪ್ಪು ತಲೆಗೆ ಮತ್ತೆ ಸಿಕ್ಕರೆ ಕೂದಲು ಬಂದೀತೆಂದು ಚೌಡಮ್ಮ ಕಾಗೆಯನ್ನು ಕರೆದಳು. "ಕಾಗಣ್ಣ, ನಿನ್ನ ಕಪ್ಪಲ್ಲಿ ಚೂರು ಕೊಡ್ತೀಯಾ?"

"ರೆಕ್ಕೆಗೆ ಅಂಟಿಹೋಗಿದೆಯಮ್ಮ. ಬರಲ್ಲ," ಎಂದಿತು ಕಾಗೆ.

ಎಮ್ಮೆಯನ್ನು ಕೇಳಿದಳು. ಎಮ್ಮೆ ಕಲ್ಲಿಗೆ ಮೈ ಉಜ್ಜಿ ಉಜ್ಜಿ ನೋಡಿತು. ಒಂದು ತೊಟ್ಟೂ ಉದುರಲಿಲ್ಲ. ದುಂಬಿಯದೂ ಅದೇ ಕತೆ. ಮೈಮೇಲೆ ಹಚ್ಚಿಕೊಂಡವರಲ್ಲಿ ಯಾರಿಂದಲೂ ಕೊಡಲಾಗಲಿಲ್ಲ.

ಆಗ ಅವಳ ಕಾಲ ಬಳಿಯಿಂದ ಸಣ್ಣ ದನಿ ಬಂತು. "ಅಕ್ಕಾ, ನನ್ನ ಹತ್ತಿರ ಇದೆ."

"ಯಾರಮ್ಮ ನೀನು?"

"ನನಗೆ ಹೆಸರಿಲ್ಲ. ಎಲ್ಲರೂ ಕಳೆ ಅಂತಾರೆ. ನನ್ನ ಎಲೆ ಕಿತ್ತು ಅಂಗೈಯಲ್ಲಿ ಅರೆ. ಬುಡ ಮಾತ್ರ ಬಿಡು."

ಗಿಡ ಹೇಳಿದ್ದೇನೋ ಹೇಳಿದಳು, ಆದರೆ ಹಳೆಯ ಅನುಮಾನ ಮತ್ತೆ ತಲೆಯೆತ್ತಿತು. ಒಳಗೆ ಏನೂ ಇಲ್ಲದಿದ್ದರೆ? ಇಷ್ಟು ಕಾಲ ಆಡಿದ ಮಾತೆಲ್ಲ ಸುಳ್ಳಾದರೆ?

ಚೌಡಮ್ಮ ಹಿಡಿ ಸೊಪ್ಪು ಕಿತ್ತು ಅರೆದಳು. ಹಸಿರು ರಸ ಬಂತು. ಬರೀ ಹಸಿರು. ಎಮ್ಮೆ ಬಾಯಿ ತೆರೆದು ನಕ್ಕಿತು. ಕಾಗೆ ಕಾ ಕಾ ಎಂದು ಎಲ್ಲರನ್ನೂ ಕರೆಯಿತು.

ಚೌಡಮ್ಮನ ಮುಖ ಸಣ್ಣದಾಯಿತು. "ಹಸಿರೇ ಅಲ್ವೇನಮ್ಮ ಇದು!"

"ತಾಳಕ್ಕ," ಎಂದಳು ಗಿಡ. "ಸಾಲಿನ ಕೊನೆಯಲ್ಲಿ ನಿಂತು ಕಾದವಳು ನಾನು. ನೀನೂ ಸ್ವಲ್ಪ ಕಾಯಿ."

ಚೌಡಮ್ಮ ಕೈ ಚಾಚಿಕೊಂಡೇ ಕಾದಳು. ಕಾಲುವೆ ಹರಿಯುವುದನ್ನು ನಿಲ್ಲಿಸಿ ನೋಡಿತು. ಗಾಳಿ ಉಸಿರು ಬಿಗಿಹಿಡಿಯಿತು. ಹಸಿರು ರಸ ಮೊದಲು ಮಂಕಾಯಿತು, ಆಮೇಲೆ ನೀಲಿಗೆ ತಿರುಗಿತು, ಆಮೇಲೆ ನೋಡನೋಡುತ್ತಲೇ ಇರುಳಜ್ಜಿಯ ಮಡಕೆಯ ಹಾಗೆ ಕಡುಕಪ್ಪಾಯಿತು! ಕಾಗೆ ಕಾ ಎನ್ನಲು ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಒಳಗಿದೆ ಅಂದಿರಲಿಲ್ವಾ?" ಎಂದಳು ಗಿಡ.

ಚೌಡಮ್ಮ ರಸವನ್ನು ತನ್ನ ಎಳ್ಳೆಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದಳು. ಚಟಪಟ ಸದ್ದು ನಿಂತ ಮೇಲೆ ಇಳಿಸಿ ಸೋಸಿದಳು. ದಿನಾ ಹಚ್ಚಿದಳು, ತಿಕ್ಕಿದಳು, ಕಾದಳು. ಹಾಲು ಕುಡಿದು ಹೊತ್ತಿಗೆ ಸರಿಯಾಗಿ ಊಟ ಮಾಡಿದಳು. ಅವಸರ ಮಾಡಲಿಲ್ಲ. ಸೊಪ್ಪು ಬೇಕಾದಾಗಲೆಲ್ಲ ಕಾಲುವೆಗೆ ಬರುತ್ತಿದ್ದಳು. ಗಿಡ ಪ್ರತಿ ಸಲವೂ ಹೊಸದಾಗಿ ಚಿಗುರಿರುತ್ತಿದ್ದಳು. ಚಿಗುರಿನೊಳಗೂ ಅದೇ ಕಪ್ಪು. ಎಷ್ಟು ಕೊಟ್ಟರೂ ಬರಿದಾಗಲಿಲ್ಲ.

ಮೊದಲು ಹಣೆಯ ಅಂಚಿನಲ್ಲಿ ಹುಲ್ಲಿನ ಮೊಳಕೆಯ ಹಾಗೆ ಸಣ್ಣ ಕೂದಲು ಮೂಡಿತು. ಆಮೇಲೆ ತಲೆತುಂಬ ಬಂತು. ಮಗು ತೆವಳುವ ಹೊತ್ತಿಗೆ ಜಡೆ ಸೊಂಪಾಯಿತು.

ಅತ್ತೆ ಮಲ್ಲಿಗೆ ತಂದಳು. "ಬಾರೇ ಹಟಮಾರಿ, ಮುಡಿ."

"ಮಲ್ಲಿಗೆ ನೀವೇ ಮುಡೀರಿ ಅತ್ತೆಮ್ಮ. ನನ್ನ ಹೂ ಬೇರೆ ಇದೆ," ಎಂದು ಚೌಡಮ್ಮ ಕಾಲುವೆಗೆ ಹೋಗಿ ಆ ಗುಂಡಿಯಂಥ ಬಿಳಿ ಹೂವನ್ನು ಜಡೆಗೆ ಮುಡಿದಳು. ಹೂ ನಿಂತಿತು. ತೊಟ್ಟಿಲನ್ನು ಕಾಲುವೆಯ ದಡಕ್ಕೇ ತರಿಸಿದಳು. ಊರೆಲ್ಲ ಬಂತು. ಕಾಗೆ, ಎಮ್ಮೆ, ದುಂಬಿ ಬಂದು ಸಾಲಿನ ಕೊನೆಯಲ್ಲಿ ನಿಂತವು. ಅವಳು ಜಡೆಯ ಹೂವನ್ನು ತೆಗೆದು ತೊಟ್ಟಿಲಿಗೆ ಕಟ್ಟಿ, ಮಗುವಿನ ಕಿವಿಯಲ್ಲಲ್ಲ, ಊರಿಗೆಲ್ಲ ಕೇಳುವಂತೆ ಕೂಗಿದಳು:

"ಗರುಗಾ!"

ತೊಟ್ಟಿಲಲ್ಲಿ ಮಗು ಕಿಲಕಿಲ ನಕ್ಕಿತು. ಚೌಡಮ್ಮ ಗಿಡದ ಕಡೆ ತಿರುಗಿ, "ನಿನಗೂ ಅದೇ ಹೆಸರು ಕಣೇ," ಎಂದಳು. ಇಷ್ಟು ಕಾಲ ಯಾರೂ ಹೆಸರು ಹಿಡಿದು ಕರೆಯದಿದ್ದ ಗಿಡ ಬಿಳಿ ಹೂವಿನ ತಲೆಯೆತ್ತಿ, "ಓ!" ಎಂದಳು. ಆ 'ಓ'ವನ್ನು ಗಾಳಿ ಹೊತ್ತುಕೊಂಡು ಅದೇ ಏಳು ಊರು ಸುತ್ತಿತು. ಮಾರನೆಯ ದಿನದಿಂದ ಏಳೂ ಊರಿನ ಹೆಂಗಸರು ಅವಳ ಮನೆಬಾಗಿಲಿಗೆ, ಅಂದರೆ ಕಾಲುವೆಯ ಕೆಸರಿಗೆ, ಬಗ್ಗಿಕೊಂಡು ಬಂದರು.

ಅದಕ್ಕೇ ಮಗು, ಇವತ್ತಿಗೂ ನೀನು ಗದ್ದೆಯ ಬದಿಯಲ್ಲಿ ಗರುಗದ ಸೊಪ್ಪು ಕಿತ್ತು ಅಂಗೈಯಲ್ಲಿ ಅರೆದರೆ, ರಸ ಮೊದಲು ಹಸಿರಾಗಿ ಬಂದು ನಿನ್ನನ್ನು ಒಂದು ಗಳಿಗೆ ಕಾಯಿಸಿ, ಆಮೇಲೇ ಕಪ್ಪಾಗುತ್ತದೆ.