ಬೋರಲು ಹಂಡೆಯ ಪ್ರಾರ್ಥನೆ

ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳ ಅಂಚಿನಲ್ಲಿ, ಜವುಗು ನೆಲದ ಪಕ್ಕದ ಹಲಗೆ ಗುಡಿಸಲೊಂದರಲ್ಲಿ ಪೂಜ್ಯ ಮಾತೆ ಕೆಜಾಯಾ ಅವರು ವಾಸವಾಗಿದ್ದರು. ನಲವತ್ತು ವರ್ಷ ಗುಲಾಮಗಿರಿಯಲ್ಲಿ ಸವೆದು ಬಿಡುಗಡೆ ಪಡೆದ ಆ ತಾಯಿ ಊರವರ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ಸುತ್ತಲಿನ ತೋಟಗಳ ಗುಲಾಮರು ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದರು. ಅವರು ಗುಂಪುಗೂಡಿ ಪ್ರಾರ್ಥಿಸುವುದು ಒಡೆಯರ ಕಿವಿಗೆ ಬಿದ್ದರೆ ಚಾವಟಿಯೇಟಿಗೆ ಬೆನ್ನಿನ ಚರ್ಮ ಸುಲಿಯುತ್ತಿತ್ತು. ಅದಕ್ಕಾಗಿ ಮಾತೆಯವರು ಬಟ್ಟೆ ಬೇಯಿಸುವ ಹಂಡೆಯನ್ನು ಬೋರಲು ಹಾಕಿ, ಅಂಚಿನಡಿ ಒಂದು ಕಲ್ಲು ಕೊಟ್ಟು ಇಡುತ್ತಿದ್ದರು. ಹಂಡೆ ದನಿಯನ್ನು ಹೊರಗೆ ಬಿಡುವುದಿಲ್ಲವೆಂದು ಆ ಜನರ ನಂಬಿಕೆ. ಮಾರಾಟವಾಗಿ ಹೋದ ತಮ್ಮವರ ಹೆಸರುಗಳನ್ನು ಅವರು ಬಾಗಿ ಕಲ್ಲಿನ ಪಕ್ಕದ ಸಂದಿಯಿಂದ ಅದರೊಳಗೆ ಹೇಳಿ ದೇವರಿಗೆ ಒಪ್ಪಿಸುತ್ತಿದ್ದರು.

ಒಂದು ಭಾನುವಾರ, ಹೊಗೆಸೊಪ್ಪಿನ ಪೀಪಾಯಿ ಮಾಡುವ ಕಾಜೋ ಅಲ್ಲಿಗೆ ಬಂದ. ಅವನೂ ಬಿಡುಗಡೆಯಾದವನೇ. ಆದರೆ ಬಿಡುಗಡೆಯ ಕಾಗದ ಕೈಗೆ ಬರುವ ಮೊದಲೇ ಅವನ ಹೆಂಡತಿ ಫಿಬಿಯನ್ನು ಒಡೆಯರು ದಕ್ಷಿಣದ ಹತ್ತಿ ತೋಟಗಳಿಗೆ ಮಾರಿಬಿಟ್ಟಿದ್ದರು. ಆರು ವರ್ಷದಿಂದ ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ಉಂಡು, ಯಾರ ಹತ್ತಿರವೂ ಅವಳ ಮಾತೆತ್ತದೆ ಬದುಕಿದ್ದ. ಅಂಥ ಬಿಡುಗಡೆ ಶತ್ರುವಿಗೂ ಬೇಡ.

"ತಾಯಿ, ನನ್ನ ಫಿಬಿ ಬದುಕಿದ್ದಾಳಾ?" ಎಂದು ಕೇಳಿದ.

"ಗೊತ್ತಿಲ್ಲಪ್ಪ," ಎಂದರು ಮಾತೆಯವರು. "ಅವಳ ಹೆಸರು ಈ ಹಂಡೆಯೊಳಗೆ ಹೇಳು."

ಕಾಜೋನ ಸಿಟ್ಟು ನೆತ್ತಿಗೇರಿತು. "ಪಿಸುಗುಟ್ಟೋಕೆ ನಾನೇನು ಕಳ್ಳನಾ? ನಿಮಗೂ ಬಿಡುಗಡೆಯಾಗಿದೆ, ನನಗೂ ಆಗಿದೆ. ಇನ್ನು ಯಾರಿಗೆ ಹೆದರಬೇಕು?" ಎನ್ನುತ್ತ ಹಂಡೆಯನ್ನೆತ್ತಿ ನೆಟ್ಟಗೆ ನಿಲ್ಲಿಸಿಬಿಟ್ಟ. ಅಲ್ಲಿದ್ದ ಹನ್ನೊಂದು ಮಂದಿಯೂ ಬೆಚ್ಚಿ ಎದ್ದರು. ರೋಡಾ ಎಂಬಾಕೆ ತನ್ನ ಪುಟ್ಟ ಮಗಳ ಬಾಯಿ ಮುಚ್ಚಿ ದಾರಿಯತ್ತ ನೋಡಿದಳು.

ಮಾತೆಯವರು ಗದರಲಿಲ್ಲ. "ನಮಗೆ ಆಗಿದೆ ಮಗನೇ. ಇವರಿಗೆ ಆಗಿಲ್ಲ," ಎಂದಷ್ಟೇ ನುಡಿದರು.

ಕಾಜೋ ಆ ಮುಖಗಳನ್ನು ನೋಡಿ ನಾಚಿಕೆಯಿಂದ ಕುಗ್ಗಿಹೋದ. ಹಂಡೆಯನ್ನು ಮತ್ತೆ ಬೋರಲು ಹಾಕಿ, ಮೊಣಕಾಲೂರಿ, ಹೆಂಡತಿಯ ಹೆಸರು ಹೇಳಿದ. ಹೇಳುತ್ತಲೇ ಬಿಕ್ಕಿ ಬಿಕ್ಕಿ ಅತ್ತ. ಅವಳನ್ನು ಕಂಡರಿಯದ ಹನ್ನೊಂದು ಮಂದಿ ತಗ್ಗಿದ ದನಿಯಲ್ಲಿ "ಫಿಬಿ" ಎಂದರು.

ಅಂದಿನಿಂದ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಫಿಬಿ ಮರಳಿ ಬಂದಳೆಂದು ಬರೆಯಲು ನನಗೂ ಆಸೆಯೇ, ಆದರೆ ಅವಳು ಬರಲಿಲ್ಲ. ಮನೆಗೆ ಹೋದರೆ ಅದೇ ಒಂಟಿತನ ಅವನಿಗಾಗಿ ಕಾದು ಕುಳಿತಿರುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ರೋಡಾಳನ್ನೂ ಮಾರಿದರು. ಮಗಳನ್ನು ತೋಟದಲ್ಲೇ ಉಳಿಸಿಕೊಂಡರು. ಸಂಕೋಲೆ ಬಿಗಿದ ಜನರ ಸಾಲು ಕಾಜೋನ ಕೆಲಸದ ಕೊಟ್ಟಿಗೆಯ ಮುಂದೆಯೇ ದಕ್ಷಿಣಕ್ಕೆ ಹೊರಟಿತ್ತು. ಅವನನ್ನು ಕಂಡ ರೋಡಾ, "ಅಣ್ಣಾ, ಹೋದ ಕಡೆಯೆಲ್ಲ ಫಿಬಿಯನ್ನ ವಿಚಾರಿಸ್ತೀನಿ," ಎಂದಳು.

ಕಾಜೋ ಕೈಲಿದ್ದ ಸುತ್ತಿಗೆ ಬಿಸುಟು ಸಾಲಿನ ಪಕ್ಕದಲ್ಲೇ ನಡೆದ. ಸಾಲನ್ನು ಕಾಯುತ್ತಿದ್ದ ಕುದುರೆ ಸವಾರ ಚಾವಟಿ ಬೀಸಿದ. ಭುಜದ ಅಂಗಿ ಹರಿದರೂ ಅವನು ಹಿಂದೆ ಸರಿಯಲಿಲ್ಲ.

"ಮಗಳನ್ನ ಭಾನುವಾರ ಭಾನುವಾರ ನಾನೇ ನೋಡ್ಕೋತೀನಿ, ತಂಗಿ," ಎಂದ. "ನಿನ್ನ ಹೆಸರು ಅವಳು ಮರೆಯೋಕೆ ನಾನು ಬಿಡೋದಿಲ್ಲ."